ಹದಿನೈದು ಮೀಟರಿನ ದಾರಿ

ಪರ್ವತಾರೋಹಣವೆಂದೊಡನೆ ನಮ್ಮ ಮನಸ್ಸು ಹಿಮಾಲಯಕ್ಕೆ ಹಾರುತ್ತದೆ. ನಾನು ಈ ಹೊತ್ತು ಹೇಳಹೊರಟಿರುವ ಬಂಡೆಯಾದರೋ ಒಂದು ಒಳ್ಳೆಯ ತೆಂಗಿನ ಮರದಷ್ಟು ಎತ್ತರದ್ದು, ಸುಮಾರು ೧೫ ಮೀಟರು. ಜರ್ಮನಿಯ ಬವೇರಿಯಾದಲ್ಲಿ, ನ್ಯೂರೆಂಬರ್ಗ್ ನಗರಕ್ಕೆ ಹತ್ತಿರದ ಫ್ರಾಂಕೆನ್‌ಯೂರಾ ಎಂಬ ಕಾಡುಗುಡ್ಡಗಳ ಸೀಮೆಯಲ್ಲಿ ಅದು ಇದೆ. ಸುಣ್ಣಕಲ್ಲಿನ ಆ ಬಂಡೆ ನೆಟ್ಟಗೆ ನಿಂತದ್ದಲ್ಲ. ಹತ್ತುವವನ ತಲೆಯ ಮೇಲಕ್ಕೇ ಬಾಗಿಕೊಂಡು ಮುಂಚಾಚಿದೆ. ಹಿಡಿಯಲು ಇರುವುದು ಒಂದೆರಡು ಬೆರಳ ತುದಿ ಹಿಡಿಸುವಷ್ಟು ಗುಳಿಗಳು. ಈ ದಾರಿಯ ಹೆಸರು 'ಆಕ್ಷನ್ ಡಿರೆಕ್ಟ್'. ಅದು ಫ್ರಾನ್ಸಿನ ಒಂದು ಉಗ್ರಗಾಮಿ ಗುಂಪಿನ ಹೆಸರು. ಬೆರಳುಗಳ ಮೇಲೆ ನಡೆಯುವ ದಾಳಿ ಎಂಬ ಕಟಕಿ ಅದರಲ್ಲಿದೆ.

೧೯೯೧ರಲ್ಲಿ ಇದನ್ನು ಮೊದಲು ಹತ್ತಿದವನು ವೋಲ್ಫ್‌ಗಾಂಗ್ ಗ್ಯುಲಿಖ್. ಅವನು ಕಂಡುಕೊಂಡ ಕ್ರಮದಲ್ಲಿ ಒಟ್ಟು ೧೬ ಚಲನೆಗಳು. ಇದಕ್ಕಾಗಿ ೧೧ ದಿನ ಆ ಬಂಡೆಯ ಮೇಲೆ ಕಳೆದನೆಂದು ದಾಖಲೆ ಹೇಳುತ್ತದೆ. ಹದಿನಾರು ಚಲನೆಗೆ ಹನ್ನೊಂದು ದಿನವೇಕೆ ಎಂಬ ಪ್ರಶ್ನೆಯೇ ನನ್ನನ್ನು ಈ ವಿಷಯಕ್ಕೆ ಎಳೆದದ್ದು. ನಾನು ಬಂಡೆ ಹತ್ತುವವನಲ್ಲ. ಓದುವ ಕುರ್ಚಿಯ ಮನುಷ್ಯ.

ಆಟದ ನಿಯಮ ಸರಳ, ಆದರೆ ಕ್ರೂರ. ಬಂಡೆಗೆ ಜಡಿದ ಬೋಲ್ಟುಗಳಿಗೆ ಹಗ್ಗ ಸಿಕ್ಕಿಸಿಕೊಳ್ಳಬಹುದು. ಅದು ಬಿದ್ದಾಗ ಪ್ರಾಣ ಉಳಿಸುವುದಕ್ಕೆ ಮಾತ್ರ. ಹಗ್ಗದ ಮೇಲೆ ಒಮ್ಮೆಯೂ ಭಾರ ಬಿಡದೆ ನೆಲದಿಂದ ತುದಿಯವರೆಗೆ ಹೋದರೆ ಮಾತ್ರ ದಾರಿ ಗೆದ್ದಂತೆ. ಇದೇ ಸೀಮೆಯ ಕುರ್ಟ್ ಆಲ್ಬರ್ಟ್ ಎಂಬಾತ ೧೯೭೫ರಲ್ಲಿ, ಹೀಗೆ ಹತ್ತಿದ ದಾರಿಯ ಬುಡದಲ್ಲಿ ಕೆಂಪು ಚುಕ್ಕೆ ಬರೆಯುವ ರೂಢಿ ತಂದ. ಹದಿನೈದನೆಯ ಚಲನೆಯಲ್ಲಿ ಕೈಜಾರಿದರೂ ಮತ್ತೆ ಒಂದನೆಯದರಿಂದಲೇ ಆರಂಭ. ಷಟ್ಪದಿಯನ್ನು ಬಾಯಿಪಾಠ ಒಪ್ಪಿಸುವ ಹುಡುಗ ಕೊನೆಯ ಸಾಲಿನಲ್ಲಿ ತಡವರಿಸಿದರೆ ಮೇಷ್ಟರು ಒಂದು ಪದ ಎತ್ತಿಕೊಡುತ್ತಾರೆ. ಇಲ್ಲಿ ಅಂಥ ದಯೆಯಿಲ್ಲ.

ಆದ್ದರಿಂದ ಮೊದಲು ಹಗ್ಗಕ್ಕೆ ಜೋತುಬಿದ್ದು ಒಂದೊಂದು ಚಲನೆಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ಯಾವ ಬೆರಳು ಯಾವ ಗುಳಿಗೆ? ಸೊಂಟ ಯಾವ ಕಡೆಗೆ ಹೊರಳಬೇಕು? ಪಾದದ ಕೆಲಸವಂತೂ ಬೆರಗುಗೊಳಿಸುವಂಥದ್ದು. ನೇರ ಬಂಡೆಯಲ್ಲಿ ಪಾದ ಮೈಯನ್ನು ಮೇಲೆತ್ತುತ್ತದೆ. ಮುಂಚಾಚಿದ ಬಂಡೆಯಲ್ಲಿ ಅದು ಮೈಯನ್ನು ಬಂಡೆಯತ್ತ ಸೆಳೆದು ಹಿಡಿಯಬೇಕು. ಅದು ತಪ್ಪಿದರೆ ಇಡೀ ಮೈ ಬಾಗಿಲಿನ ಹಾಗೆ ಹೊರಕ್ಕೆ ತೆರೆದುಕೊಳ್ಳುತ್ತದೆ. ಪಾದವನ್ನು ಒಂದು ಬೆರಳಗಲ ಸರಿಸಿದ್ದರಿಂದಲೇ, ಆಗದೆಂದಿದ್ದ ಚಲನೆ ಆದದ್ದುಂಟು. ಹೀಗೆ ಬಿಡಿಯಾಗಿ ಎಲ್ಲವೂ ಒಲಿದ ಮೇಲೆ ಜೋಡಿಸುವ ಕಷ್ಟ ಬರುತ್ತದೆ. ಹಲವರು ಕೊನೆಯ ಭಾಗವನ್ನೇ ಮೊದಲು ಗಟ್ಟಿಮಾಡಿ ಹಿಂದಕ್ಕೆ ಬರುತ್ತಾರೆ: ದಣಿದ ತೋಳಿಗೆ ಮುಕ್ತಾಯವಾದರೂ ಗೊತ್ತಿರಲಿ ಎಂದು. ನಡುವೆ ಬೆರಳಿನ ಚರ್ಮವೂ ಸ್ನಾಯುರಜ್ಜುವೂ ಮಾಯಲು ದಿನಗಟ್ಟಲೆ ಕಾಯಬೇಕು.

ಈ ದಾರಿಯ ಆರಂಭವೇ ಒಂದು ನೆಗೆತ. ದೂರದ ಪುಟ್ಟ ಗುಳಿಯೊಂದನ್ನು ಬೆರಳುಗಳು ಗಾಳಿಯಲ್ಲಿರುವಾಗಲೇ ಹುಡುಕಬೇಕು. ಗ್ಯುಲಿಖ್ ಇಂಥ ಬಲಕ್ಕಾಗಿ ನ್ಯೂರೆಂಬರ್ಗಿನ ವ್ಯಾಯಾಮಶಾಲೆಯೊಂದರಲ್ಲಿ ಓರೆಯ ಹಲಗೆಗೆ ಮರದ ಪಟ್ಟಿಗಳನ್ನು ಹೊಡೆದು, ಕಾಲು ತಾಗಿಸದೆ ಬೆರಳುಗಳಿಂದಲೇ ಅದನ್ನು ಏರುತ್ತಿದ್ದ. ಆ ಹಲಗೆ ಇಂದು ಲೋಕದ ನಾನಾ ಕಡೆ ಇದೆ.

ಇಷ್ಟೆಲ್ಲ ಸಾಧಿಸಿದವನು ಮರುವರ್ಷವೇ, ೧೯೯೨ರ ಆಗಸ್ಟಿನಲ್ಲಿ, ರಸ್ತೆ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡ. ಮೂವತ್ತೊಂದೇ ವರ್ಷ. ಬಂಡೆಯಿಂದ ಎಷ್ಟೋ ಸಲ ಬಿದ್ದವನನ್ನು ಬಂಡೆ ಕೊಲ್ಲಲಿಲ್ಲ.

ಎರಡನೆಯವನಾಗಿ ಅಲೆಕ್ಸಾಂಡರ್ ಆಡ್ಲರ್ ಇದನ್ನು ಹತ್ತಿದ್ದು ೧೯೯೫ರಲ್ಲಿ. ನಂತರ ಬಂದವರು ಗ್ಯುಲಿಖ್‌ನ ಕ್ರಮವನ್ನು ವೇದವಾಕ್ಯವೆಂದು ಭಾವಿಸಲಿಲ್ಲ. ತಮ್ಮ ತೋಳಿನ ಉದ್ದಕ್ಕೂ ಬೆರಳಿನ ಗಾತ್ರಕ್ಕೂ ಒಗ್ಗುವಂತೆ ಬದಲಿಸಿಕೊಂಡರು. ನನಗೆ ಅತ್ಯಂತ ಪ್ರಿಯವಾದ ಅಧ್ಯಾಯ ಫ್ರಾನ್ಸಿನ ಮೆಲಿಸ್ಸಾ ಲ ನೆವೆಯದು. ೨೦೧೪ರಲ್ಲಿ ಮೊದಲು ಈ ಬಂಡೆಗೆ ಬಂದ ಆಕೆ, ಹೋಗಿ ಮರಳಿ, ಮರಳಿ ಹೋಗಿ, ೨೦೨೦ರ ಮೇ ತಿಂಗಳಲ್ಲಿ ಇದನ್ನು ಗೆದ್ದ ಮೊದಲ ಮಹಿಳೆಯಾದಳು.