ಕೊಟ್ಟ ಮಾತು ಮತ್ತು ರಾಜ್ಯದ ಕಟ್ಟಳೆ



ಪ್ರಜೆಯು ರಾಜ್ಯದ ಕಟ್ಟಳೆಗೆ ಏಕೆ ತಲೆಬಾಗಬೇಕು? ಪರಸ್ಪರ ಭಯದಿಂದ ಪಾರಾಗಲು ಜನರು ಒಡಂಬಡಿಕೆ ಮಾಡಿಕೊಂಡರೆಂಬುದು 1651ರಲ್ಲಿ ಹಾಬ್ಸನು ಕೊಟ್ಟ ಉತ್ತರ. ಆದರೆ ಅದಕ್ಕೆ ರುಜು ಹಾಕಿದವರಾರು? 1748ರಲ್ಲಿ ಹ್ಯೂಮನು ಇದನ್ನು ಚೆನ್ನಾಗಿ ಕೆಣಕಿದನು. ನಿದ್ರಿಸುತ್ತಿದ್ದವನನ್ನು ಹಡಗಿಗೆ ಹೊತ್ತು ತಂದು, ನಡುಗಡಲಿನಲ್ಲಿ, ‘ಇಲ್ಲಿರುವುದರಿಂದಲೇ ನಾಯಕನ ಆಳ್ವಿಕೆಗೆ ನೀನು ಸಮ್ಮತಿಸಿರುವೆ’ ಎಂದರೆ ನ್ಯಾಯವಾದೀತೆ? ಸಮುದ್ರಕ್ಕೆ ಹಾರುವುದೊಂದೇ ಅವನಿಗುಳಿದ ಸ್ವಾತಂತ್ರ್ಯ! ಅದಿರಲಿ, ಒಪ್ಪಂದ ನಡೆದಿತ್ತೆಂದೇ ಇಟ್ಟುಕೊಳ್ಳೋಣ. ಕೊಟ್ಟ ಮಾತನ್ನು ನಡೆಸಬೇಕೆಂಬ ಕರ್ತವ್ಯವಾದರೂ ಎಲ್ಲಿಂದ ಬಂದಿತು?

ಇಲ್ಲಿ ಕಾಂಟನ ನೆರವು ಬೇಕಾಗುತ್ತದೆ. ತೀರಿಸಲಾರೆನೆಂದು ತಿಳಿದೂ, ತೀರಿಸುವೆನೆಂದು ಮಾತುಕೊಟ್ಟು ಸಾಲ ಪಡೆಯುವವನ ದೃಷ್ಟಾಂತವನ್ನು ಅವನು 1785ರ ಗ್ರಂಥದಲ್ಲಿ ಕೊಟ್ಟಿದ್ದಾನೆ. ಎಲ್ಲರೂ ಹೀಗೆಯೇ ಮಾಡಿದರೆ ಯಾರ ಮಾತನ್ನೂ ಯಾರೂ ನಂಬರು, ವಚನವೆಂಬುದೇ ಇಲ್ಲವಾಗುವುದು. ಎಲ್ಲರಿಗೂ ನಿಯಮವಾಗಲಾರದುದನ್ನು ತನಗೊಬ್ಬನಿಗೆ ಮೀಸಲಿಡುವುದೇ ಅವನ ಅಧರ್ಮ.

ಮೂಲ ಒಪ್ಪಂದವನ್ನು ಚರಿತ್ರೆಯಲ್ಲಿ ಹುಡುಕಬೇಡಿ, ಅದು ವಿವೇಕದ ಒರೆಗಲ್ಲು ಎಂಬುದು 1793ರ ಲೇಖನದಲ್ಲಿ ಅವನ ಅಭಿಪ್ರಾಯ. ಹುಟ್ಟಿನ ಬಲದಿಂದ ಕೆಲವರಿಗೆ ಒಡೆತನ ಕೊಡುವ ಶಾಸನವನ್ನು ಇಡೀ ಜನತೆ ಒಪ್ಪಲು ಸಾಧ್ಯವೇ ಇಲ್ಲ. ಆದುದರಿಂದ ಅದು ಅನ್ಯಾಯ. ಇಷ್ಟು ಹೇಳಿದವನೇ, ಅನ್ಯಾಯದ ದೊರೆಯನ್ನು ಪ್ರಜೆಗಳು ಬಲದಿಂದ ಎದುರಿಸಕೂಡದೆಂದೂ ವಿಧಿಸಿದನು. ಇದು ನನಗೆ ಒಪ್ಪಿಗೆಯಾಗದು. ಅವರಿಗೆ ಅವನು ಬಿಟ್ಟುಕೊಟ್ಟುದು ಲೇಖನಿಯ ಸ್ವಾತಂತ್ರ್ಯವನ್ನು ಮಾತ್ರ.