ಗಣಕಯಂತ್ರದಲ್ಲಿ ಹರಿಯುವ ನದಿ

(ಆದವಾನಿಯಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಕಾವ್ಯವನ್ನು ಕುರಿತು ಮಾತನಾಡಬೇಕಾದ ಕನ್ನಡ ಪಂಡಿತರು ನದಿಯ ಲೆಕ್ಕವನ್ನೇಕೆ ಎತ್ತಿಕೊಂಡರೆಂದು ತಮಗೆ ಸೋಜಿಗವಾಗಬಹುದು. ಆದರೆ ನಾವು ತುಂಗಭದ್ರೆಯ ಕೆಳಮಟ್ಟದ ಕಾಲುವೆಯನ್ನು ನಂಬಿದ ಸೀಮೆಯವರು. 1953ರಲ್ಲಿ ಬಳ್ಳಾರಿ ಜಿಲ್ಲೆ ಇಬ್ಭಾಗವಾದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸಂದವು. ಬಳ್ಳಾರಿ, ಹೊಸಪೇಟೆಗಳು ಮೈಸೂರನ್ನು ಸೇರಿದವು. ಅದೇ ವರ್ಷ ತುಂಗಭದ್ರಾ ಮಂಡಳಿಯು ಏರ್ಪಟ್ಟಿತು. ಅಂದಿನಿಂದ ನಮ್ಮ ಹೊಲಕ್ಕೆ ಬರುವ ನೀರು ರಾಜ್ಯ ರಾಜ್ಯಗಳ ನಡುವಣ ಲೆಕ್ಕದ ನೀರು. ಅಂತಹ ಲೆಕ್ಕವನ್ನು ಇಂದು ಗಣಕಯಂತ್ರದಿಂದ ಮಾಡುವ ಬಗೆಯೊಂದನ್ನು ಅಮೆರಿಕದ ಕೊಲೊರಾಡೊ ನದಿಯ ನಿದರ್ಶನದಿಂದ ವಿವರಿಸಬಯಸುತ್ತೇವೆ.

ಆ ನದಿಯನ್ನು ಏಳು ರಾಜ್ಯಗಳು ಹಂಚಿಕೊಂಡಿವೆ; 1944ರ ಒಪ್ಪಂದದಂತೆ ಮೆಕ್ಸಿಕೊ ದೇಶಕ್ಕೂ ಪಾಲುಂಟು. 1922ರ ಕರಾರಿನಲ್ಲಿ ಮೇಲಣ ಕಣಿವೆಗೆ 75 ಲಕ್ಷ, ಕೆಳಗಣ ಕಣಿವೆಗೆ 75 ಲಕ್ಷ ಎಕರೆ ಅಡಿ ನೀರೆಂದು ಗೊತ್ತುಮಾಡಿದರು. ನಮ್ಮ ಎಣಿಕೆಯಲ್ಲಿ ಒಂದೊಂದು ಪಾಲು ಸುಮಾರು 327 ಟಿ.ಎಂ.ಸಿ. ಆದರೆ ಆ ಲೆಕ್ಕಕ್ಕೆ ಆಧಾರವಾದವು ನೀರು ಅಸಾಧಾರಣವಾಗಿ ಸಮೃದ್ಧವಾಗಿದ್ದ ವರ್ಷಗಳು. ಕಾಗದದಲ್ಲಿ ಹಂಚಿದಷ್ಟು ನೀರು ನದಿಯಲ್ಲಿ ಬರಲಿಲ್ಲ.

ಈ ತೊಡಕನ್ನು ಅರಿಯಲು ಅಲ್ಲಿನ ತಜ್ಞರು ಗಣಕಯಂತ್ರದೊಳಗೆ ನದಿಯ ಮಾದರಿಯೊಂದನ್ನು ನಿರ್ಮಿಸಿದರು. ಅದರಲ್ಲಿ ಪ್ರತಿಯೊಂದು ಜಲಾಶಯದ ಧಾರಣಶಕ್ತಿ, ಆವಿಯಾಗಿ ಹೋಗುವ ನೀರು, ಕಾಲುವೆಗಳ ಬೇಡಿಕೆ ಮತ್ತು ನೀರು ಬಿಡುವ ನಿಯಮಗಳನ್ನು ಅಂಕಿಗಳಾಗಿ ತುಂಬಿರುತ್ತಾರೆ. 1906ರಿಂದ ಈಚಿನ ಹರಿವಿನ ದಾಖಲೆಯನ್ನು ಬೇರೆ ಬೇರೆ ವರ್ಷದಿಂದ ಆರಂಭಿಸಿ ಅದರ ಮೂಲಕ ಹರಿಯಿಸುತ್ತಾರೆ. ಹಿಂದಿನ ಬರಗಾಲ ಮತ್ತೆ ಬಂದರೆ ಯಾವ ಜಲಾಶಯ ಎಷ್ಟು ಇಳಿದೀತು, ನಿಯಮವನ್ನು ಬದಲಿಸಿದರೆ ಯಾರಿಗೆ ಎಷ್ಟು ನಷ್ಟವಾದೀತು ಎಂಬುದು ಒಂದು ತೊಟ್ಟು ನೀರನ್ನೂ ಬಿಡದೆ ತಿಳಿಯುತ್ತದೆ.

2007ರಲ್ಲಿ ಇಂತಹ ಲೆಕ್ಕದ ನೆರವಿನಿಂದಲೇ ಹೊಸ ನಿಯಮಗಳನ್ನು ರಚಿಸಿದರು. ಮೀಡ್ ಸರೋವರದ ಮಟ್ಟ 1,075 ಅಡಿಗೆ ಇಳಿದರೆ ಕೊರತೆಯನ್ನು ಘೋಷಿಸಬೇಕೆಂದು ಬರೆದಿಟ್ಟರು. 2021ರ ಆಗಸ್ಟಿನಲ್ಲಿ, ಮುಂದಿನ ವರ್ಷಕ್ಕೆಂದು, ಆ ಘೋಷಣೆ ಮೊದಲ ಬಾರಿಗೆ ಹೊರಟಿತು. ಅರಿಜೋನಾ, ನೆವಾಡ ರಾಜ್ಯಗಳ ಪಾಲು ಕಡಿಮೆಯಾಯಿತು. ಕಲಹ ನಿಂತಿತೆಂದು ನಾವು ಹೇಳುವುದಿಲ್ಲ. ಆದರೆ ಕಲಹವಾಡುವವರೆಲ್ಲರ ಕೈಯಲ್ಲಿಯೂ ಒಂದೇ ಲೆಕ್ಕವಿತ್ತು.

ಯಂತ್ರವು ನ್ಯಾಯಾಧೀಶನಲ್ಲವೆಂಬುದನ್ನೂ ಮರೆಯಲಾಗದು. ಯಾರ ಬೆಳೆ ಮೊದಲು, ಯಾರ ಕುಡಿಯುವ ನೀರು ಮೊದಲು ಎಂಬ ನಿರ್ಣಯ ಮನುಷ್ಯರದು; ಯಂತ್ರವು ಅದರ ಫಲವನ್ನು ಮಾತ್ರ ತೋರಿಸುತ್ತದೆ. ಅಂಕಿ ಹಳೆಯದಾದರೆ ಉತ್ತರವೂ ಸುಳ್ಳಾಗುತ್ತದೆ. ನಮ್ಮ ಜಲಾಶಯವನ್ನೇ ನೋಡಿರಿ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದುದು, ಹೂಳು ತುಂಬಿ, 2016ರ ಅಳತೆಯಲ್ಲಿ 105.788 ಟಿ.ಎಂ.ಸಿ.ಗೆ ಇಳಿದಿತ್ತು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಬಾಗಿಲಿನ ಸರಪಳಿಯ ಸವಕಳಿಯನ್ನು ಯಾವ ನದಿಯ ಲೆಕ್ಕವೂ ತಾನಾಗಿ ಕಾಣಲಾರದು. ಅದನ್ನು ಮನುಷ್ಯರೇ ಹೋಗಿ ನೋಡಬೇಕು.

ಮಂಡಳಿಯು ಪ್ರತಿವರ್ಷವೂ ಬರಬಹುದಾದ ನೀರನ್ನು ಅಂದಾಜುಮಾಡಿ, ರಾಜ್ಯಗಳಿಗೆ ಹಂಚುವ ಪಟ್ಟಿಯೊಂದನ್ನು ಸಿದ್ಧಪಡಿಸುತ್ತದೆ. ಆ ಪಟ್ಟಿಯೂ, ಅದರ ಹಿಂದಿರುವ ಲೆಕ್ಕವೂ ಕನ್ನಡ ತೆಲುಗುಗಳೆರಡರಲ್ಲಿಯೂ ಅಚ್ಚಾಗಿ, ಕಾಲುವೆಯ ಕಟ್ಟಕಡೆಯ ಹಳ್ಳಿಯ ಪಂಚಾಯತಿಗೆ ಬಿತ್ತನೆಗೆ ಮೊದಲೇ ತಲಪಬೇಕು. ನೀರು ಬಾರದೆಂದು ಮೊದಲೇ ತಿಳಿದ ರೈತನು ಭತ್ತವನ್ನು ಬಿಟ್ಟು ಜೋಳವನ್ನು ಬಿತ್ತಿಯಾನು. ತಿಳಿಯದವನು ಸಾಲವನ್ನು ಹೊತ್ತಾನು. ಇದನ್ನು ಕೇಳುವ ಕಾರ್ಯವನ್ನು ನಮ್ಮ ಸಂಘವು ಈ ವರ್ಷ ಕೈಗೊಳ್ಳಲೆಂದು ಪ್ರಾರ್ಥಿಸುತ್ತೇವೆ. ಪಟ್ಟಿ ಬಂದಲ್ಲಿ, ಅದನ್ನು ಓದಿ ತಂದೆತಾಯಿಗಳಿಗೆ ತಿಳಿಸುವುದನ್ನು ಮಕ್ಕಳಿಗೆ ಕಲಿಸುವ ಹೊಣೆ ಉಪಾಧ್ಯಾಯರಾದ ನಮ್ಮದು.