ಅಕ್ಷರಾಭ್ಯಾಸಕ್ಕೆ ಮೊದಲು ಮಾತಿನ ಅಭ್ಯಾಸ

(ವಾರ್ಷಿಕ ಜಾತ್ರೋತ್ಸವದ ಅಂಗವಾಗಿ ಜರಗಿದ ಮಾತೃ ಸಂಗಮದಲ್ಲಿ ನಿವೃತ್ತ ಶಿಕ್ಷಕಿಯೋರ್ವರು ಮಾಡಿದ ಭಾಷಣದ ಲಿಖಿತ ರೂಪ)



ವಿಜಯದಶಮಿಯಂದು ಇದೇ ನಡೆಯಲ್ಲಿ ನಮ್ಮ ಮಕ್ಕಳಿಗೆ ಅಕ್ಷರಾಭ್ಯಾಸವಾಗುತ್ತದೆ. ಹರಿವಾಣದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ. ಅದು ಪುಣ್ಯದ ಗಳಿಗೆ. ಆದರೆ ಮರುದಿನವೇ ಮೂರು ವರ್ಷದ ಕೂಸನ್ನು ಸ್ಲೇಟಿನ ಮುಂದೆ ಕೂರಿಸಿ, ತಿದ್ದದಿದ್ದರೆ ಗದರಿಸುವ ಅವಸರವನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ಗುಣಿತಾಕ್ಷರ, ಒತ್ತಕ್ಷರಗಳು ಮಕ್ಕಳಿಗೆ ಪೂರ್ತಿ ಕೈವಶವಾಗುವ ಕೆಲಸ ನಾಲ್ಕನೆಯ ತರಗತಿಯ ತನಕವೂ ನಡೆಯುತ್ತಲೇ ಇರುತ್ತದೆ ಎಂಬುದನ್ನು ಅದು ತೋರಿಸಿತು. ಅಷ್ಟು ದೀರ್ಘವಾದ ದಾರಿಗೆ ಮೂರನೆಯ ವರ್ಷದಲ್ಲೇ ಓಟ ಬೇಕಿಲ್ಲ. ಕೈ ಬರೆಯುವ ಮೊದಲು ಕಿವಿ, ನಾಲಗೆಗಳು ಸಿದ್ಧವಾಗಬೇಕು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಕನ್ನಡ ಉಳಿಯಬೇಕೆಂಬ ಕಳಕಳಿ ನಮ್ಮ ಅಧ್ಯಾಪಕರಲ್ಲಿ ಸಹಜವಾಗಿಯೇ ಇತ್ತು. ಆ ಹುಮ್ಮಸ್ಸಿನಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ ಓರ್ವ ತಾಯಿಗೆ ನಾನು, “ಮಗುವಿನೊಡನೆ ತುಳು ಬೇಡ, ಮನೆಯಲ್ಲಿಯೂ ಕನ್ನಡವನ್ನೇ ಮಾತಾಡಿ” ಎಂದು ಉಪದೇಶ ಮಾಡಿದೆ. ಆಕೆಗೆ ಕನ್ನಡ ಅಷ್ಟಾಗಿ ಬಾರದು. ನೇಜಿ ನೆಡುವಾಗ ಗಂಟೆಗಟ್ಟಲೆ ಪಾಡ್ದನ ಹೇಳಬಲ್ಲವರು, ನನ್ನ ಮಾತನ್ನು ನಂಬಿ ಮಗಳೊಡನೆ ‘ಬಾ, ಉಣ್ಣು, ಮಲಗು’ ಎಂಬಷ್ಟಕ್ಕೇ ನಿಂತರು. ಮಳೆಗಾಲ ಕಳೆಯುವಷ್ಟರಲ್ಲಿ ಮಗು ಶಾಲೆಯಲ್ಲಿ ಬಾಯಿ ಬಿಡುವುದೇ ಅಪರೂಪವಾಯಿತು. ತಡವಾಗಿ ನನಗೆ ಅರಿವಾಯಿತು. ಅವರ ಅಂಗಳಕ್ಕೆ ಹೋಗಿ, “ಅಕ್ಕ, ನಾನು ಹೇಳಿದ್ದು ತಪ್ಪು. ನಿಮ್ಮ ಭಾಷೆಯಲ್ಲಿಯೇ ಹಾಡಿ, ಕತೆ ಹೇಳಿ” ಎಂದೆ. ಮುಂದಿನ ವರ್ಷ ಆ ಮಗು ಅರ್ಧ ತುಳು, ಅರ್ಧ ಕನ್ನಡದಲ್ಲಿ ಇಡೀ ತರಗತಿಗೆ ಹುಲಿಯ ಕತೆ ಹೇಳಿತು.

ನಮ್ಮ ಒಂದೇ ಕೇರಿಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ ಮಾತುಗಳು ಕೇಳಿಸುತ್ತವೆ. ಇಷ್ಟು ಭಾಷೆಗಳಿಂದ ಮಗುವಿಗೆ ಗೊಂದಲವಾದೀತೆಂಬ ಭಯ ಬೇಡ. ಮನೆಮಾತಿನಲ್ಲಿ ಹೇಳಲು, ಕೇಳಲು, ಕತೆ ಕಟ್ಟಲು ಕಲಿತ ಮಗು ಅದೇ ಬುದ್ಧಿಯನ್ನು ಶಾಲೆಯ ಕನ್ನಡಕ್ಕೂ ತರುತ್ತದೆ. ಬಡವಾಗಬಾರದ್ದು ಮಾತು.

ಇದಕ್ಕೆ ಮೊದಲ ಸಾಧನ ಹಾಡು. ಜೋಗುಳದಲ್ಲಿ, ಶಿಶುಪ್ರಾಸದಲ್ಲಿ, ಭಜನೆಯಲ್ಲಿ ಒಂದೇ ಧ್ವನಿ ಮತ್ತೆ ಮತ್ತೆ ಬರುತ್ತದೆ. ಪ್ರಾಸ ಕೇಳಿ ಬೆಳೆದ ಕಿವಿ ಪದದೊಳಗಿನ ಧ್ವನಿಗಳನ್ನು ಬಿಡಿಸಿ ತಿಳಿಯುತ್ತದೆ. ಮುಂದೆ ಓದಿಗೆ ಅದುವೇ ಬುನಾದಿ. ಜಾತ್ರೆಯಲ್ಲಿ ಕಂಡ ವಸ್ತುಗಳ ಹೆಸರು ಹೇಳಿ ತಾಳ ಹಾಕಿಸಿರಿ. ‘ಚೆಂ-ಡೆ’ ಎಂದರೆ ಎರಡು ಚಪ್ಪಾಳೆ, ‘ಪಾ-ಯ-ಸ’ ಎಂದರೆ ಮೂರು, ‘ಕೊ-ಡಿ-ಮ-ರ’ ಎಂದರೆ ನಾಲ್ಕು. ಖರ್ಚಿಲ್ಲದ ಪಾಠವಿದು.

ಎರಡನೆಯದು ಪುಸ್ತಕ. ಮಕ್ಕಳ ಕನ್ನಡಕ್ಕಾಗಿ ದುಡಿದ ಪಂಜೆ ಮಂಗೇಶರಾಯರು (1874-1937) ನಮ್ಮ ಪಕ್ಕದ ಬಂಟ್ವಾಳದವರು. ಅಂಥವರ ನಾಡಿನಲ್ಲಿ ಮಕ್ಕಳ ಪುಸ್ತಕವಿಲ್ಲದ ಮನೆ ಇರಬಾರದು. ಆದರೆ ಓದಿ ಮುಗಿಸಿದರಾಗದು. ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ನಡೆಸಿದ ಒಂದು ಪ್ರಯೋಗ 1988ರಲ್ಲಿ ಪ್ರಕಟವಾಯಿತು. ಎರಡು ಗುಂಪಿನ ಹೆತ್ತವರೂ ಎರಡು-ಮೂರು ವರ್ಷದ ಮಕ್ಕಳಿಗೆ ಪುಸ್ತಕ ಓದಿದರು. ಓದುತ್ತಾ ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಬೆಳೆಸಿದವರ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಾದರು. ನಾವೂ ಹಾಗೆಯೇ ಮಾಡೋಣ. ಚಿತ್ರ ನೋಡಿ ಮಗು “ಆನೆ, ನೀರು” ಎಂದರೆ, “ಹೌದು ಮಗಾ, ಆನೆ ಕೆರೆಯಲ್ಲಿ ನೀರು ಕುಡಿಯುತ್ತಿದೆ. ಆಮೇಲೆ ಏನು ಮಾಡೀತು?” ಎನ್ನಿ. ಉತ್ತರ ಬರುವ ತನಕ ಕಾಯಿರಿ. ಓದಲು ಬಾರದ ಅಜ್ಜಿಯೂ ಚಿತ್ರ ತೋರಿಸಿ ಇದನ್ನು ಮಾಡಬಲ್ಲರು. ಕೈಯಲ್ಲಿ ಮೊಬೈಲ್ ಇರುವವರಿಗೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ ಚಿತ್ರಕತೆಗಳು ಉಚಿತವಾಗಿ ದೊರೆಯುತ್ತವೆ. ಆದರೆ ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ಎದ್ದು ಹೋಗಬೇಡಿ. ಪಕ್ಕದಲ್ಲಿ ಕುಳಿತು ಮಾತಾಡುವ ತಾಯಿಯ ಕೆಲಸವನ್ನು ಅದು ಮಾಡಲಾರದು.

ಮೂರನೆಯದು ಆಟ. ಯಕ್ಷಗಾನ ನೋಡಿ ಬಂದ ಮಗು ಅಡಕೆಯ ಹಾಳೆಯನ್ನು ಕಿರೀಟ ಮಾಡಿಕೊಂಡು, ಡಬ್ಬಿ ಬಡಿದು ರಾಕ್ಷಸನಾಗುವುದನ್ನು ನೀವೆಲ್ಲ ಕಂಡವರೇ. ಅದನ್ನು ಗಲಾಟೆಯೆಂದು ನಿಲ್ಲಿಸಬೇಡಿ. “ಎಲೈ ರಾಕ್ಷಸ, ಯಾಕೆ ಬಂದೆ?” ಎಂದು ನೀವೂ ಒಂದು ವೇಷವಾಗಿರಿ. ಉತ್ತರ ಕೊಡಲು ಅದು ದಿನನಿತ್ಯ ಬಳಸದ ಪದಗಳನ್ನು ಹುಡುಕಬೇಕಾಗುತ್ತದೆ. ಅಂಗಡಿಯಾಟ, ಪೂಜೆಯಾಟ, ಅಡುಗೆಯಾಟಗಳಲ್ಲಿಯೂ ಹೀಗೆಯೇ ಮಾತು ಬೆಳೆಯುತ್ತದೆ. ಒಂದು ಎಚ್ಚರಿಕೆ: ಎಣಿಕೆಯ ಆಟಕ್ಕೆ ಗುಲಗಂಜಿ ಕೊಡಬೇಡಿ, ಅದು ವಿಷಬೀಜ. ಪುಟ್ಟ ಮಕ್ಕಳ ಕೈಗೆ ನುಂಗಿ ಬಿಡಬಹುದಾದ ಯಾವ ಬೀಜವೂ ಬೇಡ.

ಕೊನೆಯದಾಗಿ ಉತ್ಸವ ಸಮಿತಿಯವರಲ್ಲಿ ಒಂದು ವಿನಂತಿ. ಸಭಾಭವನದ ಒಂದು ಮೂಲೆಯಲ್ಲಿ ಮಕ್ಕಳ ಕೈಗೆಟಕುವಂತೆ ಪುಸ್ತಕದ ಕಪಾಟು ಇಡೋಣ. ವಾರದ ಭಜನೆಗೆ ಮುಂಚೆ ಅರ್ಧ ಗಂಟೆ ಯಾರಾದರೊಬ್ಬ ಹಿರಿಯರು ಕತೆ ಹೇಳಲಿ, ಅವರವರ ಮನೆಮಾತಿನಲ್ಲಿಯೇ ಹೇಳಲಿ. ಹರಕೆಯ ರೂಪದಲ್ಲಿ ಮನೆಗೊಂದು ಪುಸ್ತಕ ಬಂದರೂ ಕಪಾಟು ತುಂಬೀತು. ಮೊದಲ ಪುಸ್ತಕ ನನ್ನದು, ಇಂದೇ ತಂದಿದ್ದೇನೆ.

ಇಂದು ರಾತ್ರಿ ಮನೆಗೆ ಹೋದ ಮೇಲೆ ಮಗುವನ್ನು ಒಂದೇ ಮಾತು ಕೇಳಿ: “ಜಾತ್ರೆಯಲ್ಲಿ ಏನು ನೋಡಿದೆ?” ಅದು ಹೇಳಿ ಮುಗಿಸುವ ತನಕ ಕೇಳಿಸಿಕೊಳ್ಳಿ. ಶ್ರೀ ದೇವರು ನಮ್ಮ ಮಕ್ಕಳೆಲ್ಲರ ನಾಲಗೆಯಲ್ಲಿ ನೆಲೆಸಲೆಂದು ಪ್ರಾರ್ಥಿಸುತ್ತೇನೆ.